ಶಾಲೆಯ ಅಡುಗೆ ತರಗತಿ: ಸಾಮಾನಿನ ಖರ್ಚು ಮನೆಗೆ ಭಾರವಾಗದಂತೆ ನಡೆಸುವ ಬಗೆ

ಅಡುಗೆ ತರಗತಿಗೆ ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಒಂದು ಚಮಚ ಬೇಕಿಂಗ್ ಪೌಡರ್, ಎರಡು ಚಮಚ ವಿನೆಗರ್, ಕಾಲು ಕಟ್ಟು ಸೊಪ್ಪು ಎಂದು ಬರೆದಿರುತ್ತದೆ. ಅಂಗಡಿಯಲ್ಲಿ ಮಾತ್ರ ಚಮಚದ ಲೆಕ್ಕದಲ್ಲಿ ಏನೂ ಸಿಗುವುದಿಲ್ಲ. ಪೊಟ್ಟಣವನ್ನೋ ಬಾಟಲಿಯನ್ನೋ ಇಡಿಯಾಗಿಯೇ ಕೊಳ್ಳಬೇಕಾಗುತ್ತದೆ. ಪಾಠವನ್ನು ಯೋಜಿಸುವವರು ಪಾತ್ರೆಗೆ ಬೀಳುವ ಪದಾರ್ಥದ ಬೆಲೆಯನ್ನು ಲೆಕ್ಕ ಹಾಕಿ "ಇದು ಅಗ್ಗದ ಅಡುಗೆ" ಎಂದುಕೊಳ್ಳುತ್ತಾರೆ, ಆದರೆ ಮನೆಯವರು ತೆರುವುದು ಇಡೀ ಪೊಟ್ಟಣದ ಬೆಲೆಯನ್ನು. ಈ ಎರಡು ಲೆಕ್ಕಗಳ ನಡುವಿನ ಅಂತರವೇ ಕುಟುಂಬಗಳ ಮೇಲೆ ಬೀಳುವ ನಿಜವಾದ ಹೊರೆಯಾದ್ದರಿಂದ, ಅಗ್ಗದ ಪಾಕವಿಧಾನಗಳನ್ನು ಹುಡುಕುವುದಕ್ಕಿಂತ ಈ ಅಂತರವನ್ನು ಕಡಿಮೆ ಮಾಡುವುದೇ ಮೊದಲ ಕೆಲಸ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಉದಾಹರಣೆಯನ್ನು ನೋಡೋಣ. ತರಗತಿಯಲ್ಲಿ 28 ಮಕ್ಕಳಿದ್ದು, ಪ್ರತಿಯೊಬ್ಬರಿಗೂ 5 ಗ್ರಾಂ ಬೇಕಿಂಗ್ ಪೌಡರ್ ಬೇಕು ಎಂದಿಟ್ಟುಕೊಳ್ಳಿ. ಒಟ್ಟು ಬೇಕಾಗುವುದು 140 ಗ್ರಾಂ. ಪ್ರತಿ ಮನೆಯವರೂ 100 ಗ್ರಾಂನ ಒಂದೊಂದು ಪೊಟ್ಟಣ ಕೊಂಡರೆ 2,800 ಗ್ರಾಂ ಕೊಂಡಂತಾಯಿತು. ಅಂದರೆ ಬಳಕೆಯಾಗುವುದು ಕೊಂಡದ್ದರ ಇಪ್ಪತ್ತನೇ ಒಂದು ಭಾಗ ಮಾತ್ರ. ಶಾಲೆಯೇ ಕೊಂಡರೆ ಎರಡು ಪೊಟ್ಟಣಗಳು ಸಾಕು, ಅದರಲ್ಲಿಯೂ 60 ಗ್ರಾಂ ಉಳಿಯುತ್ತದೆ. ಮನೆಗಳಲ್ಲಿ ಉಳಿದ ಪುಡಿ ಮುಂದೆ ಉಪಯೋಗಕ್ಕೆ ಬರುತ್ತದಲ್ಲವೇ ಎಂದು ಕೇಳಬಹುದು. ಆ ಪದಾರ್ಥವನ್ನು ದಿನವೂ ಬಳಸದ ಮನೆಯಲ್ಲಿ ಅದು ಕಪಾಟಿನ ಮೂಲೆ ಸೇರಿ, ತೇವ ಹೀರಿ, ಶಕ್ತಿ ಕಳೆದುಕೊಂಡು ಕೊನೆಗೆ ಕಸದ ಬುಟ್ಟಿಗೆ ಹೋಗುತ್ತದೆ.

ವರ್ಷದ ಪಾಠಗಳನ್ನು ಮೊದಲು ಒಟ್ಟಿಗೆ ನೋಡಿ

ವರ್ಷ ಆರಂಭವಾಗುವ ಮೊದಲೇ ಶಿಕ್ಷಕರು ಎಲ್ಲ ಪಾಕವಿಧಾನಗಳನ್ನೂ ಮುಂದಿಟ್ಟುಕೊಂಡು, ಪ್ರತಿ ಪದಾರ್ಥಕ್ಕೂ ಮೂರು ವಿಷಯಗಳನ್ನು ಬರೆದುಕೊಳ್ಳಬೇಕು: ಒಂದು ಮಗುವಿಗೆ ಎಷ್ಟು ಗ್ರಾಂ ಬೇಕು, ಕೊಳ್ಳಲು ಸಿಗುವ ಅತಿ ಚಿಕ್ಕ ಪೊಟ್ಟಣ ಎಷ್ಟು ಗ್ರಾಂನದ್ದು, ಮತ್ತು ಅದು ಬಹುಪಾಲು ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಪದಾರ್ಥವೇ ಅಲ್ಲವೇ. ಮೊದಲನೆಯ ಮತ್ತು ಎರಡನೆಯ ಅಂಕಿಗಳ ನಡುವೆ ಬಹಳ ಅಂತರವಿದ್ದು, ಮೂರನೆಯದಕ್ಕೆ "ಅಲ್ಲ" ಎಂಬ ಉತ್ತರ ಬಂದರೆ, ಆ ಪದಾರ್ಥವನ್ನು ಮನೆಯಿಂದ ತರಿಸಬಾರದು. ಅದನ್ನು ಶಾಲೆಯೇ ಕೊಳ್ಳಬೇಕು, ಇಲ್ಲವೇ ಆ ಪಾಠದಿಂದ ಕೈಬಿಡಬೇಕು. ತರಕಾರಿಯ ತೂಕ ಬರೆಯುವಾಗ ಸಿಪ್ಪೆ, ಬೇರು, ತೊಟ್ಟುಗಳಿಗೆ ಹೋಗುವ ಭಾಗವನ್ನು ಸೇರಿಸಿಯೇ ಬರೆಯಬೇಕು. ಹಾಗೆ ಮಾಡದಿದ್ದರೆ ಪಾಠದ ದಿನ ಸಾಮಾನು ಸಾಲದೆ ಬರುತ್ತದೆ.

ಇಷ್ಟಾದ ಮೇಲೆ ಮಾಡಬೇಕಾದ ಕೆಲಸಕ್ಕೆ ಒಂದು ಸಂಜೆಯ ಸಮಯ ಹಿಡಿಯಬಹುದು, ಆದರೆ ವರ್ಷವಿಡೀ ಅದರ ಫಲ ಸಿಗುತ್ತದೆ. ಒಂದು ಪಾಠದಲ್ಲಿ ಒಡೆದ ಪೊಟ್ಟಣ ಮುಂದಿನ ಪಾಠಗಳಲ್ಲಿ ಖಾಲಿಯಾಗುವಂತೆ ಪಾಠಗಳ ಕ್ರಮವನ್ನು ಜೋಡಿಸುವುದೇ ಆ ಕೆಲಸ. ಅರ್ಧ ಕಿಲೋ ಹಿಟ್ಟು ಮತ್ತು 100 ಗ್ರಾಂ ಬೆಣ್ಣೆಯಲ್ಲಿ ಒಂದು ಮಗು ಏನೇನು ಕಲಿಯಬಹುದು ಎಂದು ನೋಡಿ. ಮೊದಲ ಪಾಠದಲ್ಲಿ 200 ಗ್ರಾಂ ಹಿಟ್ಟಿನಿಂದ ನಾದುವುದನ್ನೂ ಯೀಸ್ಟ್ ಹಾಕಿ ಉಬ್ಬಿಸುವುದನ್ನೂ ಕಲಿಸಬಹುದು. ಎರಡನೆಯದರಲ್ಲಿ 25 ಗ್ರಾಂ ಹಿಟ್ಟನ್ನು 25 ಗ್ರಾಂ ಬೆಣ್ಣೆಯಲ್ಲಿ ಹುರಿದು, ಸುಮಾರು 300 ಮಿಲಿ ಹಾಲನ್ನು ಗಂಟಾಗದಂತೆ ಗಟ್ಟಿಗೊಳಿಸುವುದನ್ನು ಕಲಿಸಬಹುದು. ಮೂರನೆಯದರಲ್ಲಿ 150 ಗ್ರಾಂ ಹಿಟ್ಟಿಗೆ ಅದರ ಅರ್ಧದಷ್ಟು, ಅಂದರೆ 75 ಗ್ರಾಂ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ಬೆರೆಸಿ ಗರಿಗರಿಯಾಗಿ ಬೇಯಿಸುವುದನ್ನೂ, ನಾಲ್ಕನೆಯದರಲ್ಲಿ ಉಳಿದ 125 ಗ್ರಾಂ ಹಿಟ್ಟನ್ನು ಹಾಲು ಮತ್ತು ಮೊಟ್ಟೆಯಲ್ಲಿ ಕದಡಿ ಕಾವಲಿಯ ಮೇಲೆ ತೆಳುವಾಗಿ ಹೊಯ್ಯುವುದನ್ನೂ ಕಲಿಸಬಹುದು. ಹಿಟ್ಟೂ ಮುಗಿಯಿತು, ಬೆಣ್ಣೆಯೂ ಮುಗಿಯಿತು. ಮಗುವಿಗೆ ನಾಲ್ಕು ಬೇರೆ ಬೇರೆ ಕೌಶಲಗಳು ದಕ್ಕಿದವು. ಇದೇ ನಾಲ್ಕು ಪಾಠಗಳನ್ನು ತಿಂಗಳುಗಟ್ಟಲೆ ಅಂತರದಲ್ಲಿ ಚದುರಿಸಿದರೆ ಅದೇ ಹಿಟ್ಟನ್ನು ಮನೆಯವರು ಮತ್ತೆ ಮತ್ತೆ ಕೊಳ್ಳಬೇಕಾಗುತ್ತದೆ. ಆದ್ದರಿಂದ "ಯಾವ ತಿನಿಸು ಮಾಡಿಸೋಣ" ಎಂಬ ಪ್ರಶ್ನೆಯಿಂದ ಆರಂಭಿಸದೆ, "ಯಾವ ಕೌಶಲ ಕಲಿಸಬೇಕು, ಅದಕ್ಕೆ ಒಡೆದಿರುವ ಪೊಟ್ಟಣಗಳಲ್ಲಿ ಯಾವುದು ಸಾಕು" ಎಂಬ ಪ್ರಶ್ನೆಯಿಂದ ಆರಂಭಿಸಬೇಕು.

ಶಾಲೆಯಲ್ಲೊಂದು ಸಾಮಾನಿನ ಕಪಾಟು

ಉಪ್ಪು, ಎಣ್ಣೆ, ಸಕ್ಕರೆ, ಮಸಾಲೆ ಪದಾರ್ಥಗಳು, ಯೀಸ್ಟ್, ಅಡುಗೆ ಸೋಡಾ, ವಿನೆಗರ್ ಮುಂತಾದ ಸ್ವಲ್ಪ ಸ್ವಲ್ಪವೇ ಬೇಕಾಗುವ ವಸ್ತುಗಳನ್ನು ಶಾಲೆಯ ಕಪಾಟಿನಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ದೊಡ್ಡ ಚೀಲ ಯಾವಾಗಲೂ ಅಗ್ಗ ಎಂದು ನಂಬದೆ, ಬೆಲೆಯನ್ನು 100 ಗ್ರಾಂಗೆ ಎಷ್ಟಾಗುತ್ತದೆ ಎಂದು ಭಾಗಿಸಿ ಹೋಲಿಸಬೇಕು. ಜೊತೆಗೆ ಕೆಡುವುದರೊಳಗೆ ಮುಗಿಯುತ್ತದೆಯೇ ಎಂಬುದನ್ನೂ ಯೋಚಿಸಬೇಕು. ಇಡೀ ಕಾಳನ್ನು ಬೀಸಿದ ಹಿಟ್ಟಿನಲ್ಲಿ ಮೊಳಕೆ ಭಾಗದ ಎಣ್ಣೆಯಂಶ ಇರುವುದರಿಂದ ಅದು ಬಿಳಿ ಹಿಟ್ಟಿಗಿಂತ ಬೇಗ ಕಮಟಾಗುತ್ತದೆ. ಪುಡಿ ಮಾಡಿದ ಮಸಾಲೆ ಇಡಿಯ ಮಸಾಲೆಗಿಂತ ಬೇಗ ಪರಿಮಳ ಕಳೆದುಕೊಳ್ಳುತ್ತದೆ. ಪ್ರತಿ ಡಬ್ಬಿಯ ಮೇಲೂ ಪೊಟ್ಟಣ ಒಡೆದ ದಿನಾಂಕ ಬರೆದು, ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಇಡಬೇಕು. ಹಳೆಯ ಬೇಕಿಂಗ್ ಪೌಡರ್ ಇನ್ನೂ ಕೆಲಸ ಮಾಡುತ್ತದೆಯೇ ಎಂಬ ಅನುಮಾನ ಬಂದರೆ, ಅರ್ಧ ಚಮಚ ಪುಡಿಯ ಮೇಲೆ ಬಿಸಿನೀರು ಹಾಕಿ ನೋಡಿ. ಕೂಡಲೇ ನೊರೆಯೆದ್ದರೆ ಬಳಸಬಹುದು, ಸುಮ್ಮನೆ ಕರಗಿದರೆ ಬಳಸುವಂತಿಲ್ಲ.

ಪ್ರಮಾಣವನ್ನು ಕಡಿಮೆ ಮಾಡುವುದು ಇನ್ನೊಂದು ದಾರಿ. ನಾಲ್ಕು ಜನರಿಗೆಂದು ಬರೆದ ಪಾಕವಿಧಾನವನ್ನು ಅರ್ಧಕ್ಕೆ ಇಳಿಸಿದರೂ ಮಗು ಕಲಿಯುವುದು ಅಷ್ಟೇ. ಚಿಪ್ಪು ತೆಗೆದ ಒಂದು ಮೊಟ್ಟೆ ಸುಮಾರು 50 ಗ್ರಾಂ ತೂಗುವುದರಿಂದ, ಅದನ್ನು ಚೆನ್ನಾಗಿ ಕಲಕಿ ತಕ್ಕಡಿಯಲ್ಲಿಟ್ಟು ಇಬ್ಬರಿಗೆ ಹಂಚಬಹುದು. ಪ್ರಮಾಣದೊಂದಿಗೆ ಪಾತ್ರೆಯೂ ಚಿಕ್ಕದಾಗಬೇಕು ಎಂಬುದನ್ನು ಮರೆಯಬಾರದು, ಏಕೆಂದರೆ ಅಗಲವಾದ ಪಾತ್ರೆಯಲ್ಲಿ ಸ್ವಲ್ಪ ಪದಾರ್ಥ ಹಾಕಿದರೆ ನೀರು ಬೇಗ ಆವಿಯಾಗಿ ಅಡುಗೆ ತಳ ಹಿಡಿಯುತ್ತದೆ. ಇಬ್ಬಿಬ್ಬರು ಸೇರಿ ಒಂದು ಅಡುಗೆ ಮಾಡುವುದರಿಂದ ಖರ್ಚು ಅರ್ಧವಾಗುತ್ತದೆ ನಿಜ. ಆದರೆ ಒಬ್ಬರೇ ಹೆಚ್ಚುತ್ತಾ ಇನ್ನೊಬ್ಬರು ನೋಡುತ್ತಾ ನಿಲ್ಲುವಂತಾದರೆ ಉಳಿಸಿದ ಹಣಕ್ಕಿಂತ ಕಳೆದುಕೊಂಡ ಕಲಿಕೆಯೇ ದೊಡ್ಡದು. ಜೋಡಿಯಲ್ಲಿ ಮಾಡಿಸುವಾಗ ಪ್ರತಿ ಹಂತದಲ್ಲೂ ಕೈ ಬದಲಾಗುವಂತೆ ಕೆಲಸವನ್ನು ಹಂಚಬೇಕು. ಮೂವರಿಗಿಂತ ದೊಡ್ಡ ಗುಂಪನ್ನು ನಾನು ಒಪ್ಪುವುದಿಲ್ಲ.

ಬದಲಿ ಪದಾರ್ಥಗಳನ್ನು ಪಾಠದ ಭಾಗವಾಗಿಯೇ ಕಲಿಸಬೇಕು. ಪಾಕವಿಧಾನದಲ್ಲಿ ಒಂದು ಪದಾರ್ಥ ಯಾವ ಕೆಲಸ ಮಾಡುತ್ತಿದೆ ಎಂದು ತಿಳಿದ ಮಗು, ಅದು ಇಲ್ಲದಿದ್ದಾಗ ಯಾವುದನ್ನು ಹಾಕಬಹುದೆಂದು ತಾನೇ ಹೇಳಬಲ್ಲದು. ನಿಂಬೆರಸ ಹುಳಿಗಾಗಿ ಇದ್ದರೆ ವಿನೆಗರ್ ನಡೆಯುತ್ತದೆ. ಬೇಕಿಂಗ್ ಪೌಡರ್‌ನಲ್ಲಿ ಸೋಡಾದ ಜೊತೆಗೆ ಹುಳಿಯ ಅಂಶವೂ ಸೇರಿರುತ್ತದೆ, ಆದ್ದರಿಂದ ಒಂದು ಚಮಚ ಬೇಕಿಂಗ್ ಪೌಡರ್ ಬದಲು ಕಾಲು ಚಮಚ ಅಡುಗೆ ಸೋಡಾವನ್ನು ಅರ್ಧ ಚಮಚ ವಿನೆಗರ್ ಜೊತೆ ಬಳಸಬಹುದು. ಹೆಚ್ಚುವ ಕೌಶಲ ಕಲಿಸಲು ದುಬಾರಿ ತರಕಾರಿ ಬೇಕಿಲ್ಲ. ಆ ವಾರ ಯಾವುದು ಹೇರಳವಾಗಿ ಸಿಗುತ್ತದೆಯೋ ಅದರಲ್ಲಿ ಕಲಿಸಬಹುದು.

ಮನೆಗೆ ಕಳುಹಿಸುವ ಪಟ್ಟಿ

ಕೆಲವನ್ನು ಮನೆಯಿಂದಲೇ ತರಿಸುವುದಾದರೆ, ಪಟ್ಟಿ ಕನಿಷ್ಠ ಎರಡು ವಾರ ಮೊದಲೇ ಮನೆ ತಲುಪಬೇಕು. ನಾಳೆಗೆ ಬೇಕೆಂದು ಇವತ್ತು ಸಂಜೆ ತಿಳಿದರೆ ಮನೆಯವರು ಹತ್ತಿರದ ಅಂಗಡಿಯಲ್ಲಿ ಸಿಕ್ಕ ಬೆಲೆಗೆ ಕೊಳ್ಳುತ್ತಾರೆ. ಮುಂಚಿತವಾಗಿ ತಿಳಿದರೆ ತಿಂಗಳ ದಿನಸಿಯ ಜೊತೆಗೇ ತರುತ್ತಾರೆ. ಸಂಬಳವೋ ಕೂಲಿಯೋ ಕೈಗೆ ಬರುವ ದಿನಕ್ಕೂ ಪಾಠದ ದಿನಕ್ಕೂ ಹೊಂದಾಣಿಕೆ ಇರುವಂತೆ ನೋಡಿಕೊಂಡರೆ ಇನ್ನೂ ಒಳ್ಳೆಯದು. "ಸ್ವಲ್ಪ ಹಿಟ್ಟು" ಎಂದು ಬರೆಯದೆ "150 ಗ್ರಾಂ ಹಿಟ್ಟು, ಮನೆಯಲ್ಲಿ ಇರುವುದು ಯಾವುದಾದರೂ ಸರಿ" ಎಂದು ಸ್ಪಷ್ಟವಾಗಿ ಬರೆಯಬೇಕು. ಚಮಚವೆಂದರೆ 5 ಮಿಲಿಯದೋ 15 ಮಿಲಿಯದೋ ಎಂಬುದನ್ನೂ ಹೇಳಬೇಕು. ಯಾವುದೇ ಕಂಪನಿಯ ಹೆಸರು ಪಟ್ಟಿಯಲ್ಲಿ ಇರಕೂಡದು. ಹೊಸದಾಗಿ ಕೊಳ್ಳಬೇಕಿಲ್ಲ, ಇದ್ದದ್ದನ್ನು ಚಿಕ್ಕ ಡಬ್ಬಿಯಲ್ಲಿ ಕಳುಹಿಸಿದರೆ ಸಾಕು ಎಂಬ ಒಂದು ಸಾಲು ಎಷ್ಟೋ ಮನೆಗಳ ಖರ್ಚನ್ನು ಉಳಿಸುತ್ತದೆ.

ಹಸಿ ಮಾಂಸ, ಮೀನು, ಹಾಲಿನಂಥ ಬೇಗ ಕೆಡುವ ವಸ್ತುಗಳನ್ನು ಮನೆಯಿಂದ ತರಿಸಬಾರದು. ಇದಕ್ಕೆ ಖರ್ಚಿಗಿಂತ ದೊಡ್ಡ ಕಾರಣವಿದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣಾಂಶದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ, ಮತ್ತು ಪುಸ್ತಕದ ಚೀಲದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತ ಪೊಟ್ಟಣ ಇದೇ ಉಷ್ಣಾಂಶದಲ್ಲಿ ಇರುತ್ತದೆ. ಇಂಥವನ್ನು ಶಾಲೆಯೇ ಕೊಂಡು ಶೀತಕಪಾಟಿನಲ್ಲಿ ಇಡಬೇಕು. ಒಟ್ಟಾಗಿ ಕೊಳ್ಳುವ ಮೊದಲು ಯಾವ ಮಗುವಿಗೆ ಯಾವುದು ಒಗ್ಗುವುದಿಲ್ಲ, ಯಾವ ಮನೆಯಲ್ಲಿ ಏನನ್ನು ತಿನ್ನುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ತಿಳಿಯಬೇಕು. ಒಗ್ಗದ ಮಗುವಿನ ಮನೆಯವರು ಬದಲಿ ಪದಾರ್ಥಕ್ಕೆ ಹೆಚ್ಚು ಹಣ ತೆರುವಂತೆ ಆಗಬಾರದು. ಆ ವ್ಯತ್ಯಾಸವನ್ನು ಒಟ್ಟು ಖರ್ಚಿನಲ್ಲೇ ಸೇರಿಸಬೇಕು.

ಹಣ ಕೇಳುವ ರೀತಿ

ಶಾಲೆಯ ನಿಧಿಯಿಂದಲೇ ಎಲ್ಲ ಖರ್ಚು ನಡೆದರೆ ಅದಕ್ಕಿಂತ ಉತ್ತಮವಾದದ್ದಿಲ್ಲ. ಹಾಗೆ ಸಾಧ್ಯವಾಗದೆ ವಂತಿಗೆ ಪಡೆಯಬೇಕಾದಾಗ, ಪ್ರತಿ ವಾರವೂ ಕೇಳುವುದಕ್ಕಿಂತ ಅವಧಿಗೊಮ್ಮೆ ಒಂದೇ ಮೊತ್ತವನ್ನು ಹೇಳಿ, ಬೇಕಾದವರು ಕಂತುಗಳಲ್ಲಿ ಕೊಡಲು ಅವಕಾಶ ಕೊಡಬೇಕು. ಒಂದೇ ಮನೆಯ ಇಬ್ಬರು ಮೂವರು ಮಕ್ಕಳು ತರಗತಿಯಲ್ಲಿದ್ದರೆ ಆ ಮನೆಯ ಪಾಲನ್ನು ಇಳಿಸಬೇಕು.

ಸಾಮಾನು ಮರೆತು ಬಂದೆ ಎಂದು ಪದೇ ಪದೇ ಹೇಳುವ ಮಗು ನಿಜಕ್ಕೂ ಮರೆಗುಳಿಯಾಗಿರುವುದು ಅಪರೂಪ. ಎಷ್ಟೋ ಸಲ ಅದು ಮನೆಯ ಕೈ ಖಾಲಿ ಇರುವುದನ್ನು ಮುಚ್ಚಲು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿರುತ್ತದೆ. ಅಂಥ ಮಗುವನ್ನು ಬೈದು, ಮೂಲೆಯಲ್ಲಿ ಕೂರಿಸಿ, ಪಾಕವಿಧಾನವನ್ನು ಪುಸ್ತಕಕ್ಕೆ ನಕಲು ಮಾಡಿಸುವ ಪದ್ಧತಿ ಎಲ್ಲಿದ್ದರೂ ಅದನ್ನು ಇವತ್ತೇ ನಿಲ್ಲಿಸಬೇಕು. ಹಣ ಕೊಟ್ಟವರ ಮತ್ತು ಕೊಡದವರ ಹೆಸರನ್ನು ತರಗತಿಯಲ್ಲಿ ಓದಕೂಡದು, ಮಗುವಿನ ಕೈಯಲ್ಲಿ ನೆನಪೋಲೆ ಕಳುಹಿಸಕೂಡದು. ಸಹಾಯ ಬೇಕಾದವರು ಒಬ್ಬ ನಿರ್ದಿಷ್ಟ ಶಿಕ್ಷಕರಿಗೆ ಒಂದು ಮಾತು ತಿಳಿಸಿದರೆ ಸಾಕಾಗಬೇಕು, ಆದಾಯದ ಪುರಾವೆಯನ್ನು ಕೇಳುವ ಅಗತ್ಯವಿಲ್ಲ. ಪಾಠದ ದಿನ ಎಲ್ಲ ಮಕ್ಕಳ ಸಾಮಾನನ್ನೂ ಒಂದೇ ಬಗೆಯ ತಟ್ಟೆಗಳಲ್ಲಿ ಮೊದಲೇ ಅಳೆದಿಟ್ಟರೆ, ಯಾರ ಮನೆಯಿಂದ ಏನು ಬಂತು, ಏನು ಬರಲಿಲ್ಲ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾಡಿದ ಅಡುಗೆ ಮನೆಯ ಊಟವಾಗಲಿ

ಪಾಠದಲ್ಲಿ ಮಾಡಿದ್ದು ಸಿಹಿ ತಿನಿಸಾದರೆ ಅದು ಮನೆಗೆ ಹೆಚ್ಚಿನ ಖರ್ಚು. ಆ ರಾತ್ರಿಯ ಊಟದ ಭಾಗವಾದರೆ ಹೇಗೂ ಮಾಡಬೇಕಿದ್ದ ಖರ್ಚು. ಈ ಕಾರಣಕ್ಕೇ ಊಟಕ್ಕೆ ಬರುವ ಅಡುಗೆಗಳಿಗೆ ವರ್ಷದ ಹೆಚ್ಚಿನ ಪಾಠಗಳನ್ನು ಮೀಸಲಿಡಬೇಕು. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದಾದ್ದರಿಂದ, ಅಡುಗೆ ತರಗತಿಯನ್ನು ದಿನದ ಕೊನೆಯ ಅವಧಿಗಳಲ್ಲಿ ಇಡುವುದು ಅನುಕೂಲ. ಅದು ಸಾಧ್ಯವಾಗದಿದ್ದರೆ ಮಕ್ಕಳು ಶಾಲೆಯಲ್ಲೇ ಕುಳಿತು ತಿನ್ನಲಿ.

ಪೋಷಕರಿಗೆ ಹೇಳಬೇಕಾದದ್ದು ಸ್ವಲ್ಪವೇ ಇದೆ. ವರ್ಷದ ಆರಂಭದಲ್ಲೇ ಇಡೀ ಅವಧಿಯ ಪಟ್ಟಿಯನ್ನು ಕೇಳಿ ಪಡೆಯಿರಿ. ಪಟ್ಟಿಯಲ್ಲಿರುವುದು ಮನೆಯಲ್ಲಿ ಇಲ್ಲದಿದ್ದರೆ ಅಂಗಡಿಗೆ ಹೋಗುವ ಮೊದಲು ಬದಲಿ ನಡೆಯುತ್ತದೆಯೇ ಎಂದು ಶಿಕ್ಷಕರನ್ನು ಕೇಳಿ. ಅಕ್ಕಪಕ್ಕದ ನಾಲ್ಕು ಮನೆಗಳ ಮಕ್ಕಳು ಒಂದೇ ತರಗತಿಯಲ್ಲಿದ್ದರೆ ಒಂದು ಪೊಟ್ಟಣ ಕೊಂಡು ಹಂಚಿಕೊಳ್ಳಿ. ಹಣದ ತೊಂದರೆಯಿದ್ದರೆ ಮಗುವಿನ ಮೂಲಕ ಹೇಳಿಸದೆ ನೀವೇ ಶಿಕ್ಷಕರಿಗೆ ತಿಳಿಸಿ, ಆ ಮಾತನ್ನು ಹೇಳುವ ಭಾರ ಮಗುವಿನ ಮೇಲೆ ಬೀಳುವುದು ಬೇಡ.

ಪ್ರತಿ ಪಾಠ ಮುಗಿದ ಮೇಲೆ, ಪಾತ್ರೆ ತೊಳೆಯುವ ಹೊತ್ತಿನಲ್ಲಿ, ಶಿಕ್ಷಕರು ಏನೇನು ಎಷ್ಟು ಉಳಿಯಿತು ಎಂಬುದನ್ನು ತೂಕ ಮಾಡಿ ಕಪಾಟಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯಬೇಕು. ಮೂರು ತಿಂಗಳ ನಂತರ ಆ ಹಾಳೆಯನ್ನು ನೋಡಿದರೆ ಯಾವ ಪದಾರ್ಥವನ್ನು ಪ್ರತಿ ಸಲವೂ ಹೆಚ್ಚಾಗಿ ತರಿಸುತ್ತಿದ್ದೇವೆ ಎಂಬುದು ತಿಳಿಯುತ್ತದೆ, ಮತ್ತು ಮುಂದಿನ ಅವಧಿಯ ಪಟ್ಟಿಯಲ್ಲಿ ಆ ಅಂಕಿಯನ್ನು ಅಷ್ಟರ ಮಟ್ಟಿಗೆ ಇಳಿಸಬಹುದು.