ಇಂಗ್ಲೆಂಡಿನಲ್ಲಿ ಡಿವೋರ್ಸ್ ಆಗುತ್ತಿದ್ದರೆ ಪೆನ್ಷನ್ ಮರೆಯಬೇಡಿ

ನಾನು ರೆಡಿಂಗ್‌ಗೆ ಬಂದು 19 ವರ್ಷ ಆಯ್ತು. ಹೊಸದಾಗಿ ಬಂದವರ ಸಂಸಾರ ಮುರಿಯುವ ಹಂತಕ್ಕೆ ಬಂದಾಗ ಕೆಲವರು ನನಗೆ ಫೋನ್ ಮಾಡುತ್ತಾರೆ. ಮನೆ ಯಾರಿಗೆ, ಮಕ್ಕಳು ಯಾರ ಹತ್ರ, ಮದುವೆಯಲ್ಲಿ ಹಾಕಿದ ಒಡವೆ ಎಲ್ಲಿದೆ, ಬೆಂಗಳೂರಿನ ಸೈಟು ಯಾರ ಹೆಸರಲ್ಲಿದೆ, ಇಷ್ಟೂ ಕೇಳುತ್ತಾರೆ. ಪೆನ್ಷನ್ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ನನ್ನ ಗೆಳತಿಯೊಬ್ಬಳ ಗಂಡ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಡಾಕ್ಟರ್. ಮಕ್ಕಳಿಗಾಗಿ ಇವಳು 11 ವರ್ಷ ಕೆಲಸ ಬಿಟ್ಟು ಮನೆಯಲ್ಲಿದ್ದಳು. ವರ್ಷಕ್ಕೊಮ್ಮೆ ಬರುವ ಪೆನ್ಷನ್ ಲಕೋಟೆಗಳು ಅಡುಗೆಮನೆ ಡ್ರಾಯರ್‌ನಲ್ಲಿ, ಕರೆಂಟ್ ಬಿಲ್ಲಿನ ಕೆಳಗೆ ಬಿದ್ದಿದ್ದವು. ಅರ್ಧಕ್ಕರ್ಧ ಒಡೆದೇ ಇರಲಿಲ್ಲ. "ಮನೆ ನನಗೆ ಬಂದರೆ ಸಾಕು ಕಣೇ" ಅನ್ನುತ್ತಿದ್ದಳು. ಒಂದು ಸಂಜೆ ಇಬ್ಬರೂ ಕೂತು ಒಂದೊಂದೇ ಬಿಚ್ಚಿ ನೋಡಿದೆವು. ಆಮೇಲೆ ವಕೀಲರ ಮೂಲಕ ಸಿಇಟಿವಿ ತರಿಸಿದಾಗ, ಸಾಲ ಕಳೆದು ಮನೆಯಲ್ಲಿ ಉಳಿಯುವ ದುಡ್ಡಿಗಿಂತ ಪೆನ್ಷನ್ ಬೆಲೆಯೇ ಜಾಸ್ತಿ ಇತ್ತು.

ಸಿಇಟಿವಿ ಅಂದರೆ ಆ ಪೆನ್ಷನ್‌ಗೆ ಇವತ್ತಿನ ಲೆಕ್ಕದಲ್ಲಿ ಎಷ್ಟು ಬೆಲೆ ಅಂತ ಪೆನ್ಷನ್ ಸಂಸ್ಥೆ ಕೊಡುವ ಅಂಕಿ. ಪೆನ್ಷನ್ ಯಾರ ಹೆಸರಲ್ಲಿದೆಯೋ ಅವರೇ ಅದನ್ನು ಕೇಳಿ ಪಡೆಯಬೇಕು. ಅವರು ಸತಾಯಿಸಿದರೆ ಕೋರ್ಟ್ ಮೂಲಕ ತರಿಸಬಹುದು. ಆಸ್ತಿ ವಿವರ ಬರೆಯುವ ಫಾರ್ಮ್ ಇ ಯಲ್ಲಿ ಇಬ್ಬರೂ ಎಲ್ಲವನ್ನೂ ತೋರಿಸಲೇಬೇಕು. ಊರಿನ ಪಿಎಫ್, ಪಿಪಿಎಫ್, ಸೈಟು, ಎಲ್ಲಾ ಸೇರಿ. ಎನ್‌ಎಚ್‌ಎಸ್ ಥರದ ಪೆನ್ಷನ್‌ಗೆ ಈ ಅಂಕಿಯೊಂದನ್ನೇ ನಂಬಿ ಮನೆಯ ಜೊತೆ ಅದಲುಬದಲು ಮಾಡಬೇಡಿ. ಮನೆಯ ಒಂದು ಪೌಂಡೂ ಪೆನ್ಷನ್‌ನ ಒಂದು ಪೌಂಡೂ ಸಮ ಅಲ್ಲ. ಮೊತ್ತ ದೊಡ್ಡದಿದ್ದರೆ ಡಿವೋರ್ಸ್ ಪೆನ್ಷನ್ ಲೆಕ್ಕ ಬಲ್ಲ ತಜ್ಞರಿಂದ ವರದಿ ಮಾಡಿಸಿ. ಆ ಖರ್ಚು ದಂಡ ಅಲ್ಲ.

ಒಬ್ಬರ ಪೆನ್ಷನ್‌ನಲ್ಲಿ ಇನ್ನೊಬ್ಬರಿಗೆ ಪಾಲು ಕೊಡಿಸುವ ಕೋರ್ಟ್ ಆದೇಶಕ್ಕೆ ಪೆನ್ಷನ್ ಶೇರಿಂಗ್ ಆರ್ಡರ್ ಅನ್ನುತ್ತಾರೆ. ಅದು ಇಲ್ಲಿ ಬಂದದ್ದು 2000ದ ಡಿಸೆಂಬರ್‌ನಲ್ಲಿ. ಇದರಲ್ಲಿ ಪಾಲನ್ನು ಶೇಕಡಾ ಲೆಕ್ಕದಲ್ಲಿ ಬರೆಯುತ್ತಾರೆ. ಅರ್ಧ ಭಾಗ ತಾನಾಗಿಯೇ ಸಿಗುತ್ತದೆ ಅಂದುಕೊಳ್ಳಬೇಡಿ, ಕೇಳಬೇಕು. ಕೈಗೆ ನಗದೂ ಬರುವುದಿಲ್ಲ, ನಿಮ್ಮ ಹೆಸರಿನಲ್ಲೇ ಪೆನ್ಷನ್ ಆಗಿ ಕೂರುತ್ತದೆ. ಎನ್‌ಎಚ್‌ಎಸ್ ಆದರೆ ಅದೇ ಯೋಜನೆಯೊಳಗೇ ಇರಬೇಕು, ಹೊರಗೆ ಒಯ್ಯಲು ಬರುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಕಾನೂನು ಬೇರೆ, ಅಲ್ಲಿ ಮದುವೆಯಾದ ಮೇಲೆ ಕೂಡಿದ್ದಷ್ಟೇ ಲೆಕ್ಕಕ್ಕೆ. ಸರ್ಕಾರ ಕೊಡುವ ಹೊಸ ಸ್ಟೇಟ್ ಪೆನ್ಷನ್‌ನ ಮೂಲ ಮೊತ್ತ ಮಾತ್ರ ಪಾಲಾಗುವುದಿಲ್ಲ. ಅದು ಪೂರ್ತಿ ಬರಲು ಸಾಮಾನ್ಯವಾಗಿ ನಿಮ್ಮದೇ ಹೆಸರಲ್ಲಿ 35 ವರ್ಷದ ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರದ ವಿಮಾ ವಂತಿಗೆ) ದಾಖಲೆ ಬೇಕು. ಅದಕ್ಕೇ ಐಎಲ್‌ಆರ್ (ಇಲ್ಲೇ ಕಾಯಂ ಇರಲು ಅನುಮತಿ) ಬಂದ ಕೂಡಲೇ, ಮಕ್ಕಳಿಗಾಗಿ ಸರ್ಕಾರ ಕೊಡುವ ಚೈಲ್ಡ್ ಬೆನಿಫಿಟ್ ಅನ್ನು ಮನೆಯಲ್ಲಿರುವವರ ಹೆಸರಲ್ಲಿ ಹಾಕಿಸಿ. ಮಗುವಿಗೆ 12 ತುಂಬುವವರೆಗೆ ಆ ವರ್ಷಗಳು ಅವರ ಲೆಕ್ಕಕ್ಕೆ ಸೇರುತ್ತವೆ.

ಈಗ ನಾನು ಎಲ್ಲರಿಗೂ ಕೈ ಹಿಡಿದು ಹೇಳುವ ಮಾತು. ಪೆನ್ಷನ್ ಇತ್ಯರ್ಥ ಆಗುವ ಮುಂಚೆ ಫೈನಲ್ ಆರ್ಡರ್, ಅಂದರೆ ಡಿವೋರ್ಸ್ ಪೂರ್ತಿ ಮುಗಿಸುವ ಕೋರ್ಟ್ ಆದೇಶ, ತಗೋಬೇಡಿ. "ಒಮ್ಮೆ ಮುಗಿದುಹೋದರೆ ಸಾಕಪ್ಪಾ" ಅನ್ನಿಸುತ್ತದೆ, ನನಗೆ ಅರ್ಥ ಆಗುತ್ತದೆ. ಆದರೆ ಫೈನಲ್ ಆರ್ಡರ್ ಬಂದ ದಿನವೇ ನೀವು ಗಂಡ ಹೆಂಡತಿ ಅಲ್ಲ. ಆಮೇಲೆ, ಪೆನ್ಷನ್ ಆರ್ಡರ್ ಆಗುವ ಮೊದಲು ಪೆನ್ಷನ್ ಇರುವ ಗಂಡ ತೀರಿಕೊಂಡರೆ ವಿಧವೆಯ ಪೆನ್ಷನ್ನೂ ಇಲ್ಲ, ಪಾಲೂ ಇಲ್ಲ. ಫೈನಲ್‌ಗೆ ಮೊದಲಿನ ಹಂತವಾದ ಕಂಡೀಷನಲ್ ಆರ್ಡರ್ ಬಂದ ಮೇಲೆ ಕೋರ್ಟ್ ಪೆನ್ಷನ್ ಆರ್ಡರ್‌ಗೆ ಒಪ್ಪಿಗೆ ಕೊಡಬಹುದು. ಅದಾಗಿ 28 ದಿನ ಕಳೆದ ಮೇಲೆ ಫೈನಲ್‌ಗೆ ಅರ್ಜಿ ಹಾಕಿ. ಕಾಗದಪತ್ರ ಎಲ್ಲಾ ತಲುಪಿದ ಮೇಲೆ ಪೆನ್ಷನ್ ಸಂಸ್ಥೆಗೆ ಪಾಲು ಮಾಡಿ ಮುಗಿಸಲು ನಾಲ್ಕು ತಿಂಗಳ ಗಡುವು ಇರುತ್ತದೆ.

ನಮ್ಮವರಲ್ಲಿ ಇನ್ನೊಂದು ರೂಢಿ ಇದೆ. ಎರಡೂ ಕಡೆಯ ಹಿರಿಯರು ಕೂತು ರಾಜಿ ಮಾಡಿ, ಊರಿನ ಫ್ಯಾಮಿಲಿ ಕೋರ್ಟಿನಲ್ಲಿ ಡಿವೋರ್ಸ್ ಮುಗಿಸುತ್ತಾರೆ. ಆದರೆ ಊರಿನ ಕೋರ್ಟಿನ ಆದೇಶ ಹಿಡಿದು ಹೋದರೆ ಇಲ್ಲಿನ ಪೆನ್ಷನ್ ಸಂಸ್ಥೆ ಪಾಲು ಮಾಡುವುದಿಲ್ಲ. ಹಾಗೆ ಆಗಿಹೋಗಿದ್ದರೆ 1984ರ ಒಂದು ಕಾಯ್ದೆ ಇದೆ. ಅದರ ಮೂರನೇ ಭಾಗದಲ್ಲಿ ಇಲ್ಲಿನ ಕೋರ್ಟಿನ ಅನುಮತಿ ಪಡೆದು ಪಾಲು ಕೇಳಲು ದಾರಿ ಇದೆ. ಇಲ್ಲಿನ ನೆಂಟು ಎಷ್ಟಿದೆ ಅಂತ ಕೋರ್ಟ್ ನೋಡುತ್ತದೆ. ಅರ್ಜಿ ಹಾಕುವ ಮೊದಲೇ ಮರುಮದುವೆ ಆದರೆ ಈ ದಾರಿ ಮುಚ್ಚಿಹೋಗುತ್ತದೆ.

ವೀಸಾ ಗಂಡನ ಮೇಲೆ ನಿಂತಿದ್ದರೆ ಮೊದಲು ಇಮಿಗ್ರೇಷನ್ ವಕೀಲರನ್ನು ನೋಡಿ. ಪೆನ್ಷನ್ ಬಗ್ಗೆ ಉಚಿತವಾಗಿ ಮಾತಾಡಲು ಮನಿಹೆಲ್ಪರ್ ಅನ್ನುವ ಸಲಹಾ ಸೇವೆ ಇದೆ, ಫೋನ್ ಮಾಡಿ. ಇಂಗ್ಲಿಷ್‌ನಲ್ಲಿ ಮಾತಾಡಲು ಅಳುಕಿದ್ದರೆ ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾಳೆ ನೀವು ಮೈಸೂರಿಗೋ ಹುಬ್ಬಳ್ಳಿಗೋ ವಾಪಸ್ ಹೋದರೂ ಪಾಲಾದ ಪೆನ್ಷನ್ ನಿಮ್ಮದೇ. ಹೊರಡುವ ಮುಂಚೆ ಹೊಸ ವಿಳಾಸವನ್ನು ಪೆನ್ಷನ್ ಸಂಸ್ಥೆಗೆ ಬರೆದು ತಿಳಿಸಿ, ಆ ಪತ್ರದ ಒಂದು ಪ್ರತಿ ನಿಮ್ಮ ಹತ್ರ ಇಟ್ಟುಕೊಳ್ಳಿ.