ಭಜನಾ ಮಂಡಳಿಯಿಂದ ಸೇವಾ ಸಂಸ್ಥೆ ಕಟ್ಟುವಾಗ

ಶನಿವಾರದ ಭಜನೆ ಮುಗಿದು ಮಂಗಳಾರತಿ ತಟ್ಟೆಗೆ ಬಿದ್ದ ದುಡ್ಡಿನಲ್ಲೇ ಯಾರದೋ ಮಗುವಿನ ಫೀ ಕಟ್ಟುವುದು ಮುಂಬಯಿಯ ನಮ್ಮ ಮಂಡಳಿಗಳಿಗೆ ಹೊಸತಲ್ಲ. ನೆರವು ಕೇಳುವ ಮನೆಗಳು ಹತ್ತು ದಾಟಿದಾಗ ಲೆಕ್ಕ ಕಲಸಿಹೋಗುತ್ತದೆ. ದೇವರ ದುಡ್ಡು ಎಷ್ಟು, ನೆರವಿನ ದುಡ್ಡು ಎಷ್ಟು ಎಂದು ಕೇಳಿದರೆ ಹೇಳುವವರಿಲ್ಲದೆ ಮಂಡಳಿಗಳು ಒಡೆಯುತ್ತವೆ.

ಆದ್ದರಿಂದ ಮೊದಲ ಕೆಲಸ ರಸೀದಿ ಪುಸ್ತಕ. ಪೂಜೆಗೆ ಒಂದು ಬಣ್ಣ, ಸೇವೆಗೆ ಇನ್ನೊಂದು. ಎರಡಕ್ಕೂ ಅಚ್ಚಾದ ಕ್ರಮಸಂಖ್ಯೆ ಇರಲಿ. ತಟ್ಟೆಯ ಹಣವನ್ನು ಅಲ್ಲೇ ಇಬ್ಬರು ಎಣಿಸಿ ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ ಕಟ್ಟಲಿ. ತಪ್ಪಾದ ರಸೀದಿಯನ್ನು ಹರಿದು ಎಸೆಯಬಾರದು. ಅಡ್ಡಗೆರೆ ಎಳೆದು ಪುಸ್ತಕದಲ್ಲೇ ಉಳಿಸಿ. ಆಡಿಟರ್ ಮೊದಲು ಹುಡುಕುವುದೇ ತಪ್ಪಿಹೋದ ನಂಬರನ್ನು.

ಭಜನೆ ಮಂಡಳಿಯಲ್ಲೇ ಇರಲಿ, ಸೇವೆಗೆ ಬೇರೆಯೇ ಸಂಸ್ಥೆ ಕಟ್ಟಿ ಎಂಬುದು ನಮ್ಮ ಗಟ್ಟಿ ಸಲಹೆ. ಕಾರಣ ತೆರಿಗೆ ಕಾನೂನಿನಲ್ಲಿದೆ. ದಾನಿಗಳಿಗೆ ತಾವು ಕೊಟ್ಟ ದೇಣಿಗೆಯ ಮೇಲೆ ಆದಾಯ ತೆರಿಗೆ ವಿನಾಯಿತಿ (80ಜಿ ಎಂದೇ ಪರಿಚಿತ) ಸಿಗಬೇಕಾದರೆ ಸಂಸ್ಥೆ ಧಾರ್ಮಿಕ ಕಾರ್ಯಕ್ಕೆ ವರ್ಷದ ಆದಾಯದ ಶೇ. 5ಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಒಂದು ಅದ್ದೂರಿ ವಾರ್ಷಿಕೋತ್ಸವಕ್ಕೇ ಆ ಮಿತಿ ಮುಗಿಯುತ್ತದೆ. ನಿಯಮಾವಳಿಯಲ್ಲಿ ‘ನಮ್ಮ ಸಮಾಜದ ಬಡವರಿಗೆ’ ಎಂದು ಬರೆದರೂ ತೊಡಕೇ. ಒಂದೇ ಜಾತಿಗೆ, ಮತಕ್ಕೆ ಸೀಮಿತವಾದ ಸಂಸ್ಥೆಗೆ ಆ ವಿನಾಯಿತಿ ಇಲ್ಲ. ‘ಜಾತಿ, ಮತ, ಭಾಷೆ ನೋಡದೆ’ ಎಂದು ಬರೆಯಿರಿ, ಹಾಗೆಯೇ ನಡೆದುಕೊಳ್ಳಿ. ಪಕ್ಕದ ಚಾಳಿನ ಮರಾಠಿ ಅಜ್ಜಿಗೆ ಔಷಧಿ ಕೊಡಿಸಿದರೆ ನಮ್ಮ ದೇವರಿಗೇನೂ ಕಡಿಮೆಯಾಗದು. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟವರಿಗೆ ವಿನಾಯಿತಿ ಸಿಗದು ಎಂದು ಮೊದಲೇ ತಿಳಿಸಿಬಿಡಿ.

1860ರ ಸೊಸೈಟಿ ಕಾಯ್ದೆಯಡಿ ನೋಂದಣಿಗೆ ಕನಿಷ್ಠ ಏಳು ಮಂದಿ ಬೇಕು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿಯೂ ನೋಂದಾಯಿಸಬೇಕು. ಅದನ್ನು ನೋಡಿಕೊಳ್ಳುವ ಚಾರಿಟಿ ಕಮಿಷನರ್ ಕಚೇರಿ ಮುಂಬಯಿಯವರಿಗೆ ವರ್ಲಿಯಲ್ಲಿದೆ. ನಿಮ್ಮ ಸಂಸ್ಥೆಯ ವಿಳಾಸಕ್ಕೆ ಮನೆ ಮಾಲೀಕರ ಒಪ್ಪಿಗೆ ಪತ್ರ, ಲೈಟ್ ಬಿಲ್ ಸಿದ್ಧವಿರಲಿ. ಎಲ್ಲರೂ ಮರೆಯುವುದು ಆಮೇಲಿನದನ್ನು: ಪದಾಧಿಕಾರಿಗಳು ಬದಲಾದ 90 ದಿನಗಳೊಳಗೆ ಅದೇ ಕಚೇರಿಗೆ ಚೇಂಜ್ ರಿಪೋರ್ಟ್ (ಬದಲಾವಣೆಯ ವರದಿ) ಸಲ್ಲಿಸಬೇಕು. ಸಲ್ಲಿಸದಿದ್ದರೆ ದಾಖಲೆಯಲ್ಲಿ ಹಳಬರೇ ಉಳಿಯುತ್ತಾರೆ, ಹೊಸ ಖಜಾಂಚಿಯ ಸಹಿಗೆ ಬ್ಯಾಂಕ್ ತಕರಾರು ತೆಗೆಯುತ್ತದೆ.

ವಿದೇಶದಿಂದ ಬರುವ ಹಣದಲ್ಲೂ ಎಚ್ಚರ ಬೇಕು. ಕುವೈತ್‌ನಲ್ಲಿ ದುಡಿಯುವ ಭಾರತೀಯ ಪಾಸ್‌ಪೋರ್ಟಿನವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಅಣ್ಣ ಕಳಿಸಿದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿಯಿಲ್ಲದೆ ಅದನ್ನು ಮುಟ್ಟಬೇಡಿ.

ನೆರವಿಗೆ ಒಂದು ಅರ್ಜಿ ಪುಸ್ತಕ ಇಡಿ: ತಾರೀಕು, ಹೆಸರು, ಏನು ಬೇಕು, ಮನೆಗೆ ಹೋಗಿ ನೋಡಿದ ಇಬ್ಬರು ಯಾರು, ಎಷ್ಟು ಕೊಟ್ಟಿದ್ದು, ಇಲ್ಲವೆಂದರೆ ಏಕೆ. ಫೀಯನ್ನು ಶಾಲೆಯ ಹೆಸರಿಗೇ ಚೆಕ್ಕಿನಲ್ಲಿ ಕೊಡಿ. ಪಡೆದವರ ಫೋಟೊ ತೆಗೆದು ವಾಟ್ಸಾಪಿಗೆ ಹಾಕಬೇಡಿ. ಮರ್ಯಾದಸ್ಥರು ಆಮೇಲೆ ಹಸಿದರೂ ಬಾಗಿಲು ತಟ್ಟುವುದಿಲ್ಲ.

ಕೆಲವೊಮ್ಮೆ ಹಣಕ್ಕಿಂತ ತಿಳಿವಳಿಕೆಯೇ ದೊಡ್ಡ ನೆರವು. ಮಹಾರಾಷ್ಟ್ರದ ಧರ್ಮಾರ್ಥ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನೂ ಶೇ. 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ರೇಷನ್ ಕಾರ್ಡ್, ತಹಸೀಲ್ದಾರರ ಆದಾಯ ಪ್ರಮಾಣಪತ್ರ ಹಿಡಿದು ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಜೊತೆಯಲ್ಲಿ ಹೋಗಬಲ್ಲ, ಮರಾಠಿ ಬಲ್ಲ ಒಬ್ಬ ಕಾರ್ಯಕರ್ತ ಸಂಸ್ಥೆಗೆ ಬೇಕೇಬೇಕು. ಊರಿನಿಂದ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಬರುವವರಿಗಂತೂ ಮೊದಲ ದಿನದ ಸರದಿ, ಕೇಸ್ ಪೇಪರ್, ಉಳಿಯುವ ಜಾಗ ಇವೇ ದೊಡ್ಡ ಚಿಂತೆ.

ಶಾಲೆಗಳು ಜೂನ್ ಮಧ್ಯದಲ್ಲಿ ತೆರೆಯುತ್ತವೆ. ಮೇ ತಿಂಗಳಲ್ಲಿ ಅರ್ಧ ಜನ ಊರಿಗೆ ಹೋಗಿರುತ್ತಾರೆ, ಆಗ ದೇಣಿಗೆಗೆ ಹೊರಟರೆ ಬೀಗ ಹಾಕಿದ ಬಾಗಿಲುಗಳೇ ಕಾಣುತ್ತವೆ. ಶಿವರಾತ್ರಿಯ ಹೊತ್ತಿಗೆ ಶುರು ಮಾಡಿ, ಮಾರ್ಚ್ 31ರೊಳಗೆ ಮುಗಿಸಿ. ಏಪ್ರಿಲ್‌ನಲ್ಲಿ ಅರ್ಜಿ ಕರೆದು, ಮನೆಭೇಟಿ ಮುಗಿಸಿ, ಊರಿಗೆ ಹೋಗುವ ಮುನ್ನವೇ ಚೆಕ್ಕುಗಳಿಗೆ ಇಬ್ಬರ ಸಹಿ ಹಾಕಿಸಿಡಿ.