ದಿವಾಳಿ ಕಾನೂನನ್ನು ನಾನು ಕಲಂ 53ರಿಂದ ಕಲಿಸುತ್ತೇನೆ

ಬೆಳಗಾವಿಯಲ್ಲಿ ವಕೀಲಿ ಮಾಡುತ್ತಲೇ ಬೆಳಿಗ್ಗೆ ಲಾ ಕಾಲೇಜಿನಲ್ಲಿ ದಿವಾಳಿ ಕಾನೂನು ಕಲಿಸುತ್ತೇನೆ. ಪ್ರಾಕ್ಟೀಸ್ ಬಿಡದೆ ಹೀಗೆ ಕಲಿಸಬಹುದಾ ಅಂತ ಕಿರಿಯ ವಕೀಲರು ಕೇಳುತ್ತಾರೆ. ಕಲಿಸಬಹುದು. ದಿನಕ್ಕೆ 3 ತಾಸು ಮೀರದಂತೆ ಕಾನೂನು ಕಲಿಸಲು ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶ ಇದೆ.

2016ರ ದಿವಾಳಿ ಸಂಹಿತೆಯನ್ನು ಮೊದಲ ಪುಟದಿಂದ ಓದಿಸುತ್ತಾ ಹೋದರೆ ವಿದ್ಯಾರ್ಥಿಗಳಿಗೆ ಹಿಡಿತ ಸಿಗುವುದಿಲ್ಲ. ನಾನು ಕಲಂ 53ರಿಂದ ಶುರು ಮಾಡುತ್ತೇನೆ. ಕಂಪನಿಯ ಆಸ್ತಿ ಮಾರಿದ ಮೇಲೆ ದುಡ್ಡು ಮೊದಲು ಯಾರಿಗೆ, ಕೊನೆಗೆ ಯಾರಿಗೆ ಅಂತ ಹೇಳುವ ಕಲಂ ಅದು.

ಉದ್ಯಮಬಾಗದಲ್ಲಿ ಒಂದು ಫೌಂಡ್ರಿ ಮುಚ್ಚಿದೆ ಅಂದುಕೊಳ್ಳಿ ಎನ್ನುತ್ತೇನೆ. ಆಸ್ತಿ ಮಾರಿ 6 ಕೋಟಿ ಬಂತು. ಪ್ರಕ್ರಿಯೆಯ ಖರ್ಚು 50 ಲಕ್ಷ ಮೊದಲು ಹೋಗುತ್ತದೆ. ಅಡಮಾನದ ಆಸ್ತಿಯನ್ನು ತಾನೇ ಮಾರಿಕೊಳ್ಳುವ ಹಕ್ಕು ಬಿಟ್ಟುಕೊಟ್ಟ ಬ್ಯಾಂಕಿಗೆ 8 ಕೋಟಿ ಬರಬೇಕು. ಕಾರ್ಮಿಕರಿಗೆ ಹಿಂದಿನ 24 ತಿಂಗಳ ಬಾಕಿ 2 ಕೋಟಿ. ಕಾನೂನು ಇವರಿಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಉಳಿದ ಐದೂವರೆ ಕೋಟಿಯಲ್ಲಿ ಬಾಕಿಯ ಪ್ರಮಾಣದಂತೆ ಬ್ಯಾಂಕಿಗೆ 4.4 ಕೋಟಿ, ಕಾರ್ಮಿಕರಿಗೆ 1.1 ಕೋಟಿ. ದುಡ್ಡು ಅಲ್ಲಿಗೇ ಮುಗಿಯಿತು. ಆಫೀಸ್ ಸಿಬ್ಬಂದಿ, ತೆರಿಗೆ ಇಲಾಖೆ, ಕಚ್ಚಾ ಮಾಲು ಕೊಟ್ಟವರು, ಷೇರುದಾರರು ಯಾರಿಗೂ ಒಂದು ಪೈಸೆ ಇಲ್ಲ. ಕಾರ್ಮಿಕರ ಪಿಎಫ್, ಗ್ರಾಚ್ಯುಟಿ ನಿಧಿಯ ಹಣ ಮಾತ್ರ ಈ ಹಂಚಿಕೆಯಿಂದ ಹೊರಗೆ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಈ ಮಾತನ್ನು ನಾನು ಎರಡೆರಡು ಸಲ ಹೇಳುತ್ತೇನೆ.

ಲೆಕ್ಕ ಮುಗಿಯುವುದರೊಳಗೆ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದೇ ಬರುತ್ತದೆ. "ಸರ್, ಕಬ್ಬಿನ ಬಿಲ್ ಯಾವ ಸಾಲಿಗೆ ಬರ್ತದ್ರಿ?"

ನಮ್ಮ ಜಿಲ್ಲೆಯಲ್ಲಿ ಇದು ಮನೆಯ ಪ್ರಶ್ನೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದಲ್ಲಿ ಬಿಲ್ ಕೊಡಬೇಕು, ತಡವಾದರೆ ಶೇ 15 ಬಡ್ಡಿ. ಬಾಕಿಯನ್ನು ಕಂದಾಯದ ಬಾಕಿಯಂತೆ ವಸೂಲಿ ಮಾಡಲೂಬಹುದು. ಆದರೆ ಕಂಪನಿ ನಡೆಸುವ ಕಾರ್ಖಾನೆಯ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಯಿತೋ, ದಿವಾಳಿ ಸಂಹಿತೆಯ ಕಲಂ 14ರಡಿ ಎಲ್ಲ ವಸೂಲಿಗೂ ತಡೆ ಬೀಳುತ್ತದೆ. ಬ್ಯಾಂಕಿನದೂ ನಿಲ್ಲುತ್ತದೆ, ರೈತರದೂ ನಿಲ್ಲುತ್ತದೆ. ಹಂಚಿಕೆಯಲ್ಲಿ ರೈತರ ಜಾಗ ಬಹಳ ಕೆಳಗೆ. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ, ತರಗತಿಯಲ್ಲೂ ಹಾಗೇ ಹೇಳುತ್ತೇನೆ.

ಇಲ್ಲಿ ಜಾಸ್ತಿ ಗೊಂದಲ ಆಗುವುದು ದಿವಾಳಿ ಪ್ರಕರಣ ಹಾಕಲು ಬಾಕಿ ಇಷ್ಟಾದರೂ ಇರಬೇಕು ಎನ್ನುವ 1 ಕೋಟಿಯ ಮಿತಿಯಿಂದ. 2020ರ ಮಾರ್ಚ್‌ನಲ್ಲಿ ಅದನ್ನು 1 ಲಕ್ಷದಿಂದ 1 ಕೋಟಿಗೆ ಏರಿಸಿದರು. "ನಮ್ಮಪ್ಪನ ಬಾಕಿ ಎರಡೇ ಲಕ್ಷ, ನಮಗೇನೂ ಸಿಗಲ್ವಾ?" ಅಂತ ಕೇಳುತ್ತಾರೆ. ಆ ಮಿತಿ ಇರುವುದು ಪ್ರಕರಣ ಶುರು ಮಾಡಲು ಮಾತ್ರ. ಬೇರೆ ಯಾರೋ ಶುರು ಮಾಡಿದ ಮೇಲೆ ಎಷ್ಟೇ ಚಿಕ್ಕ ಬಾಕಿ ಇದ್ದರೂ ಕ್ಲೇಮ್ ಹಾಕಬಹುದು. ಕ್ಲೇಮ್ ಹಾಕದೇ ಇದ್ದರೆ ಆ ಬಾಕಿ ಕೈತಪ್ಪುವ ಸಂಭವವೇ ಹೆಚ್ಚು.

ಕಂಪನಿಗಳ ಪ್ರಕರಣ ನಡೆಯುವುದು ಬೆಂಗಳೂರಿನ ಎನ್‌ಸಿಎಲ್‌ಟಿಯಲ್ಲಿ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ. ಸಾಲದಲ್ಲಿ ಮುಳುಗಿದ ವಡಗಾವಿಯ ನೇಕಾರರು ಹೋಗಬೇಕಾದದ್ದು ಇಲ್ಲಿನ ಜಿಲ್ಲಾ ನ್ಯಾಯಾಲಯಕ್ಕೆ, ಅದೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಕೆಳಗೆ. ಸಾಲ 500 ರೂಪಾಯಿ ಆದರೂ ಇರಬೇಕು ಅನ್ನುತ್ತದೆ ಆ ಕಾಯ್ದೆ. 2016ರ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವನ್ನು 2019ರ ಡಿಸೆಂಬರ್‌ನಲ್ಲಿ ಜಾರಿಗೆ ತಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ.

ಕ್ಲೇಮ್ ಹಾಕದಿದ್ದರೆ ರೈತರ ಬಾಕಿ ಕೈತಪ್ಪಬಹುದು, ಹಾಗಾಗಿ ಕೊನೆಯ ತರಗತಿಗಳಲ್ಲಿ ಉಪನ್ಯಾಸ ಇಲ್ಲ. ತೂಕದ ಚೀಟಿ, ಪಾಸ್‌ಬುಕ್‌ನ ನಕಲು ಇಟ್ಟುಕೊಂಡು ಒಬ್ಬ ರೈತನ ಕ್ಲೇಮ್ ಫಾರಂ ತುಂಬಿಸುತ್ತೇನೆ. ಬಡ್ಡಿಯ ಸಾಲು ಖಾಲಿ ಬಿಟ್ಟವರಿಗೆ ವಾಪಸ್ ಕೊಡುತ್ತೇನೆ.